ಕಣ್ಣು ಬಂದ ವರ್ಷ

ಮರಾಠಿಯಲ್ಲಿ ಈ ಕಾಯಿಲೆಗೆ ಹೆಸರಿಗಿಂತ ಹೆಚ್ಚಾಗಿ ಒಂದು ಕ್ರಿಯಾಪದವಿದೆ. ‘ಡೋಳೆ ಆಲೇ’ ಎನ್ನುತ್ತಾರೆ. ಕಣ್ಣು ಬಂದವು ಎಂದು ಅದರ ಅರ್ಥ. 2023ರ ಜುಲೈ, ಆಗಸ್ಟ್ ತಿಂಗಳಲ್ಲಿ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳ ಕಟ್ಟಡಗಳ ಮೆಟ್ಟಿಲ ಮೇಲೆ, ಶಾಲೆಯ ಗೇಟಿನಲ್ಲಿ, ಔಷಧದಂಗಡಿಯ ಮುಂದೆ ಓಡಾಡಿದ ಮಾತು ಇದೇ. ಮಗು ಯಾಕೆ ಶಾಲೆಗೆ ಹೋಗಿಲ್ಲ? ಕಣ್ಣು ಬಂದಿವೆ. ಮನೆಗೆಲಸದ ಬಾಯಿ ಎರಡು ದಿನದಿಂದ ಯಾಕೆ ಕಾಣಲಿಲ್ಲ? ಅವಳ ಮನೆಯಲ್ಲಿ ಎಲ್ಲರಿಗೂ ಕಣ್ಣು ಬಂದಿವೆ. ಮೋಡ ಮುಸುಕಿದ ಬೆಳಿಗ್ಗೆ ಕಪ್ಪು ಕನ್ನಡಕ ಏರಿಸಿಕೊಂಡು ಲೋಕಲ್ಲಿಗೆ ಕಾದು ನಿಂತವರನ್ನು ಕಂಡರೆ ಪಕ್ಕದವರು ಒಂದು ಹೆಜ್ಜೆ ಸರಿಯುತ್ತಿದ್ದರು. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಸರಿಯಲು ಒಂದು ಹೆಜ್ಜೆ ಜಾಗ ಸಿಗುವುದೇ ಅಪರೂಪ, ಅದು ಬೇರೆ ಮಾತು.

ಹಿಂದಿಯಲ್ಲೂ ಗುಜರಾತಿಯಲ್ಲೂ ಕಣ್ಣು ‘ಬರುತ್ತದೆ’. ಬಂಗಾಳಿಯಲ್ಲಿ ಅದು ‘ಏಳುತ್ತದೆ’: ‘ಚೋಖ್ ಓಠಾ’. ಬೆಳಗಾವಿ, ಧಾರವಾಡದ ಕಡೆ ‘ಕಣ್ಣು ಬಂದಾವ’ ಎನ್ನುವುದು ಮರಾಠಿಯ ನೆರೆಯಿಂದ ಬಂದದ್ದಿರಬಹುದು. ಆದರೆ ಕನ್ನಡಕ್ಕೆ ಆ ಕ್ರಿಯಾಪದ ಹೊಸದಲ್ಲ. ಜ್ವರ ಬರುತ್ತದೆ, ಮೈಮೇಲೆ ಅಮ್ಮ ಬರುತ್ತಾಳೆ. ಕಾಯಿಲೆ ಎಂಬುದು ಹೊರಗಿನಿಂದ ಬಂದು ಕೆಲವು ದಿನ ಇದ್ದು ಹೋಗುವ ಅತಿಥಿ ಎಂಬ ತಿಳಿವಳಿಕೆ ಭಾಷೆಯೊಳಗೇ ಇದೆ. ಉಳಿದಂತೆ ದಕ್ಷಿಣದ ಭಾಷೆಗಳು ಬಣ್ಣ ನೋಡಿ ಹೆಸರಿಟ್ಟಿವೆ. ನಮ್ಮ ‘ಕೆಂಗಣ್ಣು’, ಮಲಯಾಳಂನ ‘ಚೆಂಕಣ್ಣ್’ ಒಂದೇ ಮಾತು. ಕನ್ನಡದ ‘ಕೆ’ ಅಲ್ಲಿ ‘ಚೆ’ ಆಗಿದೆ, ಅಷ್ಟೆ. ತೆಲುಗಿನ ‘ಕಂಡ್ಲ ಕಲಕ’ದಲ್ಲಿ ಕಣ್ಣು ಕೆರೆಯ ನೀರಿನಂತೆ ಕಲಕಿ ಬಗ್ಗಡವಾಗುತ್ತದೆ. ‘ಕಣ್ಣುಬೇನೆ’ ಎಂಬ ಹಳೆಯ ಮಾತೂ ಉಂಟು.

ಇವೆಲ್ಲ ಯಾರ ಮೇಲೂ ತಪ್ಪು ಹೊರಿಸದ ಹೆಸರುಗಳು. ಇನ್ನೊಂದು ಬಗೆಯ ಹೆಸರಿದೆ, ಅದರಲ್ಲಿ ಊರು ಇರುತ್ತದೆ. ಕರ್ನಾಟಕದ ಪೇಟೆಗಳಲ್ಲಿ ಇವತ್ತಿಗೂ ಚಾಲ್ತಿಯಲ್ಲಿರುವ ‘ಮದ್ರಾಸ್ ಐ’ ಅಂಥದ್ದು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ಕರ್ಕ್‌ಪ್ಯಾಟ್ರಿಕ್ ಅಲ್ಲಿ ಹಬ್ಬಿದ್ದ ಕಣ್ಣಿನ ಕಾಯಿಲೆಯೊಂದನ್ನು ವಿವರಿಸಿ 1920ರಲ್ಲಿ ಬ್ರಿಟಿಷ್ ನೇತ್ರವೈದ್ಯ ಪತ್ರಿಕೆಯಲ್ಲಿ ಬರೆದದ್ದರಿಂದ ಆ ಹೆಸರು ಬಂತೆಂಬುದು ರೂಢಿಯ ವಿವರಣೆ. ಆದರೆ ಅದಕ್ಕೂ ಸುಮಾರು 20 ವರ್ಷ ಹಿಂದೆ, 1901ರಲ್ಲಿ, ಮುಂಬಯಿಯಲ್ಲಿ ಕಣ್ಣಿನ ವೈದ್ಯರಾಗಿದ್ದ ಹರ್ಬರ್ಟ್ ಇದೇ ತೆರನ ಕಾಯಿಲೆಯನ್ನು ವರ್ಣಿಸಿದ್ದರು: ಕಣ್ಣು ಕೆಂಪಾಗಿ, ಆಮೇಲೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿ ಸಣ್ಣ ಚುಕ್ಕೆಗಳು ಏಳುವುದು. ಯಾವುದೋ ಬ್ಯಾಕ್ಟೀರಿಯಾ ಇದಕ್ಕೆ ಕಾರಣವೆಂದು ಅವರು ತಿಳಿದಿದ್ದರು. ಆಗ ಬೇರೆ ಉತ್ತರ ಸಿಗುವ ಹಾಗೂ ಇರಲಿಲ್ಲ, ವೈರಸ್ಸುಗಳ ಅಧ್ಯಯನ ಇನ್ನೂ ಅಂಬೆಗಾಲಿಡುತ್ತಿತ್ತು. ಮೊದಲು ಬರೆದವರ ಊರಿನ ಹೆಸರೇ ನಿಲ್ಲುವುದಾಗಿದ್ದರೆ ಇವತ್ತು ಬೆಂಗಳೂರಿನ ಔಷಧದಂಗಡಿಗಳಲ್ಲಿ ‘ಬಾಂಬೆ ಐ’ಗೆ ಡ್ರಾಪ್ಸ್ ಕೇಳುತ್ತಿದ್ದರೇನೋ.

ಊರಿನ ಹೆಸರು ಹೊತ್ತ ಇನ್ನೊಂದು ಕೆಂಗಣ್ಣಿನ ಕಥೆ 1969ರಲ್ಲಿ ಶುರುವಾಗುತ್ತದೆ. ಆ ವರ್ಷ ಜೂನ್‌ನಲ್ಲಿ ಪಶ್ಚಿಮ ಆಫ್ರಿಕದ ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ಒಂದು ವಿಚಿತ್ರ ಕಣ್ಣುಬೇನೆ ಹಬ್ಬಿತು. ಸಾಮಾನ್ಯ ಕೆಂಗಣ್ಣಿನಂತೆ ಇದು ನಿಧಾನವಾಗಿ ಏರುತ್ತಿರಲಿಲ್ಲ. ಸೋಂಕು ತಗುಲಿ ಒಂದು ದಿನ ಕಳೆಯುವಷ್ಟರಲ್ಲಿ ಒಂದು ಕಣ್ಣು, ಮರುದಿನ ಇನ್ನೊಂದು ಕಣ್ಣು. ರೆಪ್ಪೆ ಊದಿ, ನೀರು ಸುರಿದು, ಕಣ್ಣಿನ ಬಿಳಿಭಾಗದ ಕೆಳಗೆ ರಕ್ತ ಒಸರಿ ಅಲ್ಲಲ್ಲಿ ಕೆಂಪು ಕಲೆಗಳಾಗುತ್ತಿದ್ದವು. ನೋಡಿದವರಿಗೆ ಎದೆ ಝಲ್ಲೆನ್ನಬೇಕು. ಆದರೆ ವಾರ, ಹತ್ತು ದಿನದಲ್ಲಿ ತಾನಾಗಿಯೇ ವಾಸಿ. ಅದೇ ಬೇಸಿಗೆಯಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದರಿಂದ ಜನ ಇದನ್ನು ‘ಅಪೊಲೊ 11’ ಕಾಯಿಲೆ ಎಂದು ಕರೆದರು. ಚಂದ್ರನ ಧೂಳು ಇಳಿದು ಬಂತು ಎಂಬ ಪುಕಾರೂ ಎದ್ದಿತು. ಅಲ್ಲಿನ ವೈದ್ಯರಾದ ಚಟರ್ಜಿ, ಕ್ವಾರ್ಕೂಪೋಮ್ ಮತ್ತು ಅಪೆಂಟೆಂಗ್ 1970ರಲ್ಲಿ ಇದರ ಬಗ್ಗೆ ಬರೆದಾಗ ಲೇಖನದ ಶೀರ್ಷಿಕೆಯಲ್ಲೇ ‘ಅಸಾಮಾನ್ಯ’ ಎಂಬ ಪದವನ್ನಿಟ್ಟರು.

ಅಷ್ಟರಲ್ಲಿ ಅದು ಇಂಡೋನೇಷ್ಯದ ಜಾವಾವನ್ನು ಮುಟ್ಟಿತ್ತು. 1971ರಲ್ಲಿ ಭಾರತಕ್ಕೂ ಬಂತು. ಆ ವರ್ಷ ಪೂರ್ವ ಪಾಕಿಸ್ತಾನದಿಂದ ಸುಮಾರು 1 ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು. ಕಲ್ಕತ್ತದ ಜನ ಹೊಸ ಕಣ್ಣುಬೇನೆಗೆ ‘ಜಯ್ ಬಾಂಗ್ಲಾ’ ಎಂದು ಹೆಸರಿಟ್ಟರು. ಒಂದು ದೇಶ ಹುಟ್ಟುವುದಕ್ಕಾಗಿ ಜನ ಕೂಗಿ ಸತ್ತ ಘೋಷಣೆ ಗಡಿಯ ಈಚೆಗೆ ಬಂದು ಕಣ್ಣಿನ ಪಿಸರಿನ ಹೆಸರಾಯಿತು. ಬಂಗಾಳದ ಹಳಬರು ಇಂದಿಗೂ ‘ಜಯ್ ಬಾಂಗ್ಲಾ ಆಗಿದೆ’ ಎನ್ನುವುದುಂಟು. ಗುಡಾರಗಳಲ್ಲಿ ಒತ್ತೊತ್ತಾಗಿ ಮಲಗಿದ್ದವರಲ್ಲಿ ಅದು ಬೇಗ ಹಬ್ಬಿದ್ದು ನಿಜ. ಆದರೆ ಅಕ್ರಾದಿಂದ ಜಾವಾಕ್ಕೆ ಅದನ್ನು ಒಯ್ದದ್ದು ಆ ನಿರಾಶ್ರಿತರಲ್ಲ. ತಂದವರು ಯಾರೋ, ಹೆಸರು ಹೊತ್ತವರು ಬಡವರು.

ಆ ಅಲೆ ಅದೇ ವರ್ಷ ಮುಂಬಯಿಗೂ ಬಂತು. ಆಗಿನ ಮುಂಬಯಿಯ ಅಂಚನ್ನು ನೆನೆದರೆ ಚಿತ್ರವೇ ಬೇರೆ. ನವಿ ಮುಂಬಯಿ ಇನ್ನೂ ಕಾಗದದ ಮೇಲಿತ್ತು. ಅದನ್ನು ಕಟ್ಟಬೇಕಾದ ಸಿಡ್ಕೊ ಸಂಸ್ಥೆ ಹುಟ್ಟಿದ್ದು 1970ರಲ್ಲಿ. ವಾಶಿ, ಬೇಲಾಪುರದ ಕಡೆ ಆಗ್ರಿ, ಕೋಳಿ ಜನರ ಹಳ್ಳಿಗಳು, ಉಪ್ಪಿನ ಗದ್ದೆಗಳು. ಥಾಣೆ, ಕಲ್ಯಾಣ್, ಡೊಂಬಿವಲಿಗಳಿಗೆ ಮಹಾನಗರಪಾಲಿಕೆಯ ಪಟ್ಟ ಇನ್ನೂ ಬಂದಿರಲಿಲ್ಲ. ಅದಕ್ಕೆ ಎಂಬತ್ತರ ದಶಕವೇ ಬೇಕಾಯಿತು. ಆದರೆ ರೈಲು ಹಳೆಯದು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಹೊರಟ ಮೊದಲ ಗಾಡಿ ನಿಂತದ್ದೇ ಥಾಣೆಯಲ್ಲಿ, ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. 1971ರ ಹೊತ್ತಿಗೆ ಈ ಹಳಿಯ ಮೇಲೆ ದಿನವೂ ಲಕ್ಷಾಂತರ ಜನ ಕೋಟೆ ಭಾಗಕ್ಕೆ ಹೋಗಿ ಮರಳುತ್ತಿದ್ದರು. ಅವರಲ್ಲಿ ಕನ್ನಡಿಗರೂ ತುಳುವರೂ ಕಡಿಮೆಯಿರಲಿಲ್ಲ. ಹೋಟೆಲಿನಲ್ಲಿ ದುಡಿದು ರಾತ್ರಿ ಅಲ್ಲೇ ಮೇಜು ಸರಿಸಿ ಮಲಗುವ ಹುಡುಗರು, ಒಂದು ಖೋಲಿಗೆ ಎಂಟು-ಹತ್ತು ಜನರಂತೆ ಇರುವ ಗುಮಾಸ್ತರು. ಖೋಲಿಯಲ್ಲಿ ಒಂದು ಬಾಲ್ದಿ, ಒಂದು ಕನ್ನಡಿ, ಒಂದು ಬಾಚಣಿಗೆ. ಯಾರ ಬೈರಾಸು ಯಾರ ಹೆಗಲಿಗೋ. ಕಣ್ಣುಬೇನೆಗೆ ಇದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲ.

ಊರಿನ ಕಣ್ಣೆಲ್ಲ ಕೆಂಪಾಗಿ, ಮತ್ತೆ ತಿಳಿಯಾಯಿತು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎನ್ನಬಹುದಿತ್ತು. ಅದಾದ ಎರಡು-ಮೂರು ವಾರಗಳ ಮೇಲೆ ಆಸ್ಪತ್ರೆಗಳಿಗೆ ಬೇರೊಂದು ಬಗೆಯ ರೋಗಿಗಳು ಬರತೊಡಗಿದರು. ಹೆಚ್ಚಿನವರು ವಯಸ್ಕ ಗಂಡಸರು, ಗಟ್ಟಿಮುಟ್ಟಾದವರು. ಸೊಂಟದಿಂದ ತೊಡೆಗೆ ಇಳಿಯುವ ಕಿತ್ತು ತಿನ್ನುವಂಥ ನೋವು. ನೋವು ಬಂದ ಕೆಲವೇ ದಿನಗಳಲ್ಲಿ ಕಾಲಿನ ಬಲ ಹೋಗುತ್ತಿತ್ತು, ಎರಡೂ ಕಾಲು ಸಮನಾಗಿ ಅಲ್ಲ. ಒಂದು ಹೆಚ್ಚು, ಒಂದು ಕಡಿಮೆ, ಅದರಲ್ಲೂ ತೊಡೆಯ ಸ್ನಾಯುಗಳಿಗೇ ಹೆಚ್ಚು ಪೆಟ್ಟು. ಕೂತವರು ಏಳಲಾರರು, ಮೆಟ್ಟಿಲು ಹತ್ತಲಾರರು. ಮುಟ್ಟಿದರೆ ಗೊತ್ತಾಗುತ್ತಿತ್ತು, ಚರ್ಮದ ಅರಿವು ಹೋಗಿರಲಿಲ್ಲ. ಬರಬರುತ್ತ ಸ್ನಾಯು ಕೃಶವಾಗಿ ಕಾಲು ಸೊರಗುತ್ತಿತ್ತು.

ನರರೋಗ ವೈದ್ಯರ ಮುಂದೆ ಇಂಥ ಕಾಲಿಗೆ ಎರಡು ಪರಿಚಿತ ಉತ್ತರಗಳಿದ್ದವು. ಒಂದು ಪೋಲಿಯೊ. ಆದರೆ ಆ ಕಾಲದ ಭಾರತದಲ್ಲಿ ಪೋಲಿಯೊ ವೈರಸ್ ಎಷ್ಟು ವ್ಯಾಪಕವಾಗಿತ್ತೆಂದರೆ ಬಹುತೇಕ ಎಲ್ಲರೂ ಎಳವೆಯಲ್ಲೇ ಅದನ್ನು ಎದುರಿಸಿ ರಕ್ಷಣೆ ಪಡೆದಿರುತ್ತಿದ್ದರು. ಅದು ಕಾಲು ಕಸಿಯುತ್ತಿದ್ದದ್ದು ಮಕ್ಕಳದ್ದು, 30 ವರ್ಷದ ಗಂಡಸಿನದ್ದಲ್ಲ. ಇನ್ನೊಂದು ಗಿಲಾನ್-ಬಾರೆ ಎಂಬ ನರಗಳ ಕಾಯಿಲೆ. ಅದು ಸಾಮಾನ್ಯವಾಗಿ ಪಾದದಿಂದ ಮೇಲಕ್ಕೆ, ಎರಡೂ ಕಡೆ ಸಮನಾಗಿ ಏರುತ್ತದೆ. ಇಲ್ಲಿ ಎರಡೂ ಸರಿಹೊಂದುತ್ತಿರಲಿಲ್ಲ. ಈ ರೋಗಿಗಳೆಲ್ಲರಿಗೂ ಸಮಾನವಾಗಿದ್ದದ್ದು ಒಂದೇ, ಅದು ಕಾಲಿಗೆ ಸಂಬಂಧವೇ ಇಲ್ಲದ ಸಂಗತಿ: ಕೆಲವು ವಾರಗಳ ಹಿಂದೆ ಅವರಿಗೆ ಕಣ್ಣು ಬಂದಿದ್ದವು.

ಇದನ್ನು ಗುರುತಿಸಿದವರು ಜೆ.ಜೆ. ಆಸ್ಪತ್ರೆಯ ನೋಶಿರ್ ವಾಡಿಯಾ ಮತ್ತು ಅವರ ಸಹೋದ್ಯೋಗಿಗಳಾದ ಇರಾನಿ ಹಾಗೂ ಕಾತ್ರಕ್. ಮೂವರೂ ಸೇರಿ 1972ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ‘ಹೊಸ ಕಣ್ಣುರಿ’ಯೊಂದರ ನರಸಂಬಂಧಿ ತೊಡಕುಗಳ ಬಗ್ಗೆ ಬರೆದರು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಮುಂಬಯಿಯವರೇ ಆದ ಭರೂಚಾ ಮತ್ತು ಮೊಂಡ್ಕರ್ ಕೂಡ ತಮ್ಮ ಅನುಭವ ಬರೆದರು. ಈ ಗುರುತಿಸುವಿಕೆ ಎಷ್ಟು ಕಷ್ಟದ್ದೆಂಬುದು ಈಗ ಓದುವವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಕಾಲು ಬಿದ್ದವನಿಗೆ ಕಣ್ಣಿನ ನೆನಪೇ ಇರುವುದಿಲ್ಲ. ಕಣ್ಣು ಬಂದು ಹೋಗಿ ಮೂರು ವಾರವಾಗಿದೆ, ಇಡೀ ಊರಿಗೇ ಬಂದಿತ್ತು, ಅದರಲ್ಲಿ ಹೇಳುವಂಥದ್ದೇನು? ಊರಿಗೆಲ್ಲ ಬಂದದ್ದು ಕಾರಣವಾಗಲಾರದು ಎಂದೇ ಯಾರಿಗಾದರೂ ಅನಿಸುತ್ತದೆ. ಅಲ್ಲದೆ ಕಣ್ಣಿಗೆ ಔಷಧ ಕೊಟ್ಟವರು ಒಬ್ಬರು, ಕಾಲು ನೋಡುವವರು ಇನ್ನೊಬ್ಬರು. ಇಬ್ಬರ ಕೇಸುಕಾಗದ ಒಂದೇ ಮೇಜಿಗೆ ಬರುವುದಿಲ್ಲ. ಕೇಳಿದರೆ ಮಾತ್ರ ಗೊತ್ತಾಗುವ ಸಂಗತಿ ಅದು.

ತಲೆಗೆ ಬಂದದ್ದು ಪೇಟಕ್ಕೆ ಹೋಯಿತು ಎಂಬ ಗಾದೆ ಇಲ್ಲಿ ತಿರುಗುಮುರುಗಾಗಿತ್ತು. ಕಣ್ಣಿಗೆ ಬಂದದ್ದು ಕಾಲಿಗೆ ಹೋಯಿತು. ಹೀಗಾದದ್ದು ಬಹಳ ಕಡಿಮೆ ಜನರಿಗೆ. ಅಂದಾಜುಗಳ ಪ್ರಕಾರ ಹತ್ತು ಸಾವಿರ ಕಣ್ಣುಬೇನೆಗೆ ಒಬ್ಬರು ಅಥವಾ ಅದಕ್ಕೂ ಕಡಿಮೆ. ಆದರೆ ಲಕ್ಷಗಟ್ಟಲೆ ಜನರ ಕಣ್ಣು ಕೆಂಪಾದ ನಗರದಲ್ಲಿ ಹತ್ತು ಸಾವಿರಕ್ಕೊಬ್ಬರು ಎಂದರೆ ಸಣ್ಣ ಲೆಕ್ಕವಲ್ಲ. ಕೆಲವರು ಚೇತರಿಸಿಕೊಂಡರು. ಅನೇಕರಿಗೆ ಕಾಲಿನ ದೌರ್ಬಲ್ಯ ಉಳಿದೇಹೋಯಿತು. ಲೋಕಲ್ಲಿನ ಬಾಗಿಲಲ್ಲಿ ನೇತಾಡಿ ದುಡಿಯಲು ಹೋಗುವವನಿಗೆ, ಹೋಟೆಲಿನಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ನಿಲ್ಲುವವನಿಗೆ ತೊಡೆಯ ಬಲ ಹೋದರೆ ಊರಿಗೆ ಮರಳುವುದೊಂದೇ ದಾರಿ.

ವೈರಸ್ ಯಾವುದೆಂಬುದನ್ನು ಜಪಾನಿನವರು ಕಂಡುಹಿಡಿದರು. ಕೋನೊ ಮತ್ತು ಸಂಗಡಿಗರು ತಮ್ಮ ದೇಶದ ರೋಗಿಗಳ ಕಣ್ಣೀರಿನ ಒರೆಯಿಂದ ಬೆಳೆಸಿದ್ದು ಅದುವರೆಗೆ ಯಾರೂ ಕಾಣದ ಎಂಟೆರೊವೈರಸ್; ಪೋಲಿಯೊದ ದಾಯಾದಿ. ಅದಕ್ಕೆ ಎಂಟೆರೊವೈರಸ್ 70 ಎಂಬ ಸಂಖ್ಯೆ ಬಂತು. ಅದರ ಸ್ವಭಾವದಲ್ಲೊಂದು ಸೋಜಿಗವಿತ್ತು: ದೇಹದ 37 ಡಿಗ್ರಿ ಶಾಖಕ್ಕಿಂತ 33ರ ಹತ್ತಿರದ ತಂಪಿನಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ. ಗಾಳಿಗೆ ತೆರೆದುಕೊಂಡ, ಸದಾ ಒದ್ದೆಯಾದ ಕಣ್ಣಿನ ಮೇಲ್ಮೈಗೆ ಹೇಳಿ ಮಾಡಿಸಿದ ಹಾಗೆ. ಕೋತಿಗಳ ನರಮಂಡಲಕ್ಕೆ ಚುಚ್ಚಿದಾಗ ಅವುಗಳಿಗೆ ಪಾರ್ಶ್ವವಾಯು ಬಂದದ್ದನ್ನೂ ಕೋನೊ ತಂಡ 1973ರಲ್ಲಿ ತೋರಿಸಿತು. 1981ರಲ್ಲಿ ಮುಂಬಯಿಗೆ ಎರಡನೆಯ ದೊಡ್ಡ ಅಲೆ ಬಂದಾಗ ವಾಡಿಯಾ ತಂಡ ಸಿದ್ಧವಾಗಿತ್ತು. ಅವರ ವಿವರವಾದ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ವಾಡಿಯಾ 2012ರಲ್ಲಿ ಪದ್ಮಭೂಷಣ ಪಡೆದು 2016ರಲ್ಲಿ ತೀರಿಕೊಂಡರು. ಅವರ ಹೆಸರು ನರವಿಜ್ಞಾನಿಗಳಿಗೆ ಗೊತ್ತು, ಲೋಕಲ್ಲಿನವರಿಗೆ ಗೊತ್ತಿಲ್ಲ.

ಇನ್ನು, ಕಣ್ಣಿನಿಂದ ಕಣ್ಣಿಗೆ ಇದು ದಾಟುವುದು ಹೇಗೆ? ನೋಟದಿಂದ ಎಂಬ ನಂಬಿಕೆ ಇವತ್ತಿಗೂ ಹೋಗಿಲ್ಲ. ಕಣ್ಣು ಬಂದವರ ಕಣ್ಣಲ್ಲಿ ಕಣ್ಣಿಡಬಾರದು, ಇಟ್ಟರೆ ನಮಗೂ ಬರುತ್ತದೆ. ದೃಷ್ಟಿ ತಾಗುತ್ತದೆ ಎನ್ನುವ ಸಮಾಜಕ್ಕೆ ಇದು ಸಹಜವಾದ ತೀರ್ಮಾನ. ಕಪ್ಪು ಕನ್ನಡಕ ಹುಟ್ಟಿದ್ದು ಬೆಳಕು ಚುಚ್ಚುವುದರಿಂದ ತಪ್ಪಿಸಿಕೊಳ್ಳಲು. ಜನ ಅದಕ್ಕೆ ಕೊಟ್ಟ ಅರ್ಥ ನೋಟವನ್ನು ಮುಚ್ಚುವ ಪರದೆ ಎಂದು. ಕನ್ನಡಕ ಹಾಕಿಕೊಂಡವರು ತಾವು ಊರನ್ನು ಕಾಪಾಡಿದೆವೆಂದು ನೆಮ್ಮದಿಯಾಗಿ, ಕನ್ನಡಕದ ಕೆಳಗೆ ಬೆರಳು ತೂರಿಸಿ ಕಣ್ಣೊರೆಸಿಕೊಂಡು, ಅದೇ ಕೈಯಲ್ಲಿ ಡಬ್ಬಿಯ ನಡುವಿನ ಕಂಬ ಹಿಡಿಯುತ್ತಾರೆ.

ಕೈಯೇ ಇಲ್ಲಿ ಮುಖ್ಯ. ಕಣ್ಣೀರಿನಲ್ಲಿ, ಪಿಸರಿನಲ್ಲಿ ವೈರಸ್ ತುಂಬಿರುತ್ತದೆ. ಅದು ಬೆರಳಿಗೆ, ಬೆರಳಿನಿಂದ ಬೈರಾಸಿಗೆ, ದಿಂಬಿಗೆ, ನಲ್ಲಿಯ ತಿರುಪಿಗೆ, ಮೊಬೈಲಿಗೆ, ಅಲ್ಲಿಂದ ಇನ್ನೊಬ್ಬರ ಬೆರಳಿಗೆ, ಕೊನೆಗೆ ಆ ಇನ್ನೊಬ್ಬರು ತಿಳಿಯದೆ ಉಜ್ಜಿಕೊಳ್ಳುವ ಕಣ್ಣಿಗೆ. ಕೆಂಗಣ್ಣು ತರುವ ಇನ್ನೊಂದು ಕುಲವಾದ ಅಡಿನೊವೈರಸ್ ಒಣಗಿದ ಪ್ಲಾಸ್ಟಿಕ್ಕಿನ ಮೇಲೂ ವಾರಗಟ್ಟಲೆ ಬದುಕಿರಬಲ್ಲದು. ಸಂಜೆಯ ಕಲ್ಯಾಣ್ ಗಾಡಿಯಲ್ಲಿ ಒಂದು ಚದರ ಮೀಟರಿಗೆ 14ರಿಂದ 16 ಜನ ನಿಲ್ಲುತ್ತಾರೆಂದು ರೈಲ್ವೆಯವರದೇ ಲೆಕ್ಕ. ತಲೆಯ ಮೇಲಿನ ಒಂದೊಂದು ಹಿಡಿಯನ್ನೂ ಕಲ್ಯಾಣ್ ಮುಟ್ಟುವಷ್ಟರಲ್ಲಿ ಎಷ್ಟು ಕೈ ಹಿಡಿದಿರುತ್ತವೆ ಎಂದು ಎಣಿಸುವುದು ಕಷ್ಟ. ಎದುರು ಕೂತವರನ್ನು ದಿಟ್ಟಿಸಿ ನೋಡಿದರೆ ಏನೂ ಆಗುವುದಿಲ್ಲ.

ವೈದ್ಯರ ಕೈಯೂ ಈ ದಾರಿಯಿಂದ ಹೊರತಲ್ಲ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1941–42ರಲ್ಲಿ, ಪರ್ಲ್ ಹಾರ್ಬರಿನಿಂದ ಶುರುವಾಗಿ ಅಮೆರಿಕದ ಹಡಗು ಕಟ್ಟುವ ಕಾರ್ಖಾನೆಗಳಲ್ಲಿ ಕೆಂಗಣ್ಣು ಹಬ್ಬಿತು. ಅದಕ್ಕೆ ‘ಶಿಪ್‌ಯಾರ್ಡ್ ಐ’ ಎಂದೇ ಹೆಸರಾಯಿತು. ಕಬ್ಬಿಣದ ಚೂರು, ಧೂಳು ಕಣ್ಣಿಗೆ ಬಿದ್ದ ಕಾರ್ಮಿಕರು ಪ್ರಥಮ ಚಿಕಿತ್ಸೆಯ ಕೋಣೆಗೆ ಹೋಗುತ್ತಿದ್ದರು. ಅಲ್ಲಿ ಒಬ್ಬರ ಕಣ್ಣಿಗೆ ಮುಟ್ಟಿದ ಉಪಕರಣ, ಡ್ರಾಪ್ಸಿನ ಬಾಟಲಿ, ನರ್ಸಿನ ಬೆರಳು ಇನ್ನೊಬ್ಬರ ಕಣ್ಣಿಗೆ ಮುಟ್ಟುತ್ತಿತ್ತು. ಚೂರು ತೆಗೆಸಿಕೊಳ್ಳಲು ಹೋದವರು ಕಾಯಿಲೆ ಹಿಡಿಸಿಕೊಂಡು ಬಂದರು. ಅದಕ್ಕೆ ಕಾರಣವಾದ ಅಡಿನೊವೈರಸ್ 8 ಪತ್ತೆಯಾದದ್ದು 1955ರಲ್ಲಿ. ಹರ್ಬರ್ಟ್, ಕರ್ಕ್‌ಪ್ಯಾಟ್ರಿಕ್ ಬರೆದಿಟ್ಟ ಚುಕ್ಕೆಗಳೂ ಬಹುಶಃ ಇದೇ ಕುಲದ ಕೆಲಸ.

ಮನೆಮದ್ದಿನ ಮಾತು ಬಿಡುವಂತಿಲ್ಲ. ನಂದಿಬಟ್ಟಲು ಹೂವಿನ ರಸ, ಬಾಣಂತಿಯ ಎದೆಹಾಲು, ಗುಲಾಬಿ ನೀರು. ತಣ್ಣಗಾಗಿ ಹಿತವೆನಿಸಬಹುದು, ವೈರಸ್ಸಿಗೆ ಏನೂ ಆಗುವುದಿಲ್ಲ. ಒಂದೇ ಬಟ್ಟಲಿನ ಹತ್ತಿಯಲ್ಲಿ ಮನೆಮಂದಿಗೆಲ್ಲ ಒರೆಸಿದರೆ ಮದ್ದೇ ವಾಹನ. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಆ್ಯಂಟಿಬಯಾಟಿಕ್ ಡ್ರಾಪ್ಸ್ ಕೂಡ ವೈರಸ್ಸಿನ ಕೆಂಗಣ್ಣಿಗೆ ಅಷ್ಟೇ ನಿಷ್ಪ್ರಯೋಜಕ. ಸ್ಟೀರಾಯ್ಡ್ ಇರುವ ಡ್ರಾಪ್ಸ್ ಕೆಂಪನ್ನು ಬೇಗ ಇಳಿಸುತ್ತದೆಂದು ಜನಕ್ಕೆ ಅದರ ಮೇಲೆ ಪ್ರೀತಿ. ವೈದ್ಯರನ್ನು ಕೇಳದೆ ಹಾಕಿಕೊಂಡರೆ ಕಣ್ಣಿಗೇ ಸಂಚಕಾರ.

ಇದಿಷ್ಟು ಮನುಷ್ಯರ ನಡುವಿನ ಲೆಕ್ಕ. ಪ್ರಾಣಿಗಳಿಂದ ಬರುತ್ತದೆಯೇ ಎಂಬ ಪ್ರಶ್ನೆಯೂ ಪ್ರತಿ ಮಳೆಗಾಲ ಏಳುತ್ತದೆ, ವಿಶೇಷವಾಗಿ ಕಲ್ಯಾಣ್, ಭಿವಂಡಿ ಕಡೆಯ ತಬೇಲಾಗಳ ಆಸುಪಾಸಿನಲ್ಲಿ. ಮಹಾನಗರಕ್ಕೆ ಹಾಲು ಕೊಡುವ ಎಮ್ಮೆಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ಮಳೆಗಾಲದ ನೊಣ ಅವುಗಳ ಕಣ್ಣಂಚಿಗೆ ಮುತ್ತುತ್ತದೆ. ದನಕ್ಕೂ ಎಮ್ಮೆಗೂ ಕೆಂಗಣ್ಣು ಬರುವುದು ನಿಜ. ಕಣ್ಣು ಸೋರಿ, ಗುಡ್ಡೆ ಮಬ್ಬಾಗಿ ಬಿಳಿಯಾಗುತ್ತದೆ. ಕೆಲವೊಮ್ಮೆ ಹುಣ್ಣಾಗಿ ದೃಷ್ಟಿಯೂ ಹೋಗುತ್ತದೆ. ಆದರೆ ಅದರ ಮುಖ್ಯ ಕಾರಣ ಮೊರಾಕ್ಸೆಲ್ಲಾ ಬೋವಿಸ್ ಎಂಬ ಬ್ಯಾಕ್ಟೀರಿಯಾ. ನೊಣದ ಕಾಲು, ಧೂಳು, ಕಣ್ಣಿಗೆ ತಾಗುವ ಒರಟು ಹುಲ್ಲು, ಬಿಸಿಲು ಅದಕ್ಕೆ ನೆರವು. ಅದು ದನದಿಂದ ದನಕ್ಕೆ ಹೋಗುತ್ತದೆ. ಹಾಲು ಕರೆಯುವವರ ಕಣ್ಣಿಗೆ ಅಂಟುವ ಕಾಯಿಲೆಯಲ್ಲ. ಅದೇ ಕುಲದ ಬೇರೊಂದು ಬ್ಯಾಕ್ಟೀರಿಯಾ ಮನುಷ್ಯರಲ್ಲಿ ಕಣ್ಣುರಿ ತರುತ್ತದೆ, ಹೀಗಾಗಿ ಗೊಂದಲ. ಒಂದೇ ಮನೆತನದವರು, ಬೇರೆ ಬೇರೆ ಅಂಗಳ.

ಸಾಕಿದ ನಾಯಿಯ ಕಣ್ಣು ಸೋರಿದರೂ ಮನೆಯವರು ಹೆದರಬೇಕಿಲ್ಲ. ಬೆಕ್ಕಿಗೆ ಕಣ್ಣುರಿ ತರುವ ಒಂದು ಕ್ಲಮೈಡಿಯಾ ತೀರ ಅಪರೂಪಕ್ಕೆ ಮನುಷ್ಯರಿಗೆ ದಾಟಿದ್ದುಂಟು. ನಿಜವಾಗಿ ಎಚ್ಚರವಿರಬೇಕಾದದ್ದು ಹಕ್ಕಿಗಳ ಬಗ್ಗೆ. ನಮ್ಮ ಕೋಳಿ ಸಾಕುವವರು ‘ಕೊಕ್ಕರೆ ರೋಗ’ ಎನ್ನುವ ರಾಣಿಖೇತ್ ಕಾಯಿಲೆಯ ವೈರಸ್ ಮನುಷ್ಯರ ಕಣ್ಣಿಗೆ ತಾಗಿದರೆ ಕೆಲವು ದಿನದ ಕೆಂಗಣ್ಣು ಬರುತ್ತದೆ. ಮರಿಗಳ ಕಣ್ಣಿಗೆ ಹನಿ ಹಾಕುವ ಲಸಿಕೆಯಲ್ಲೂ ಜೀವಂತ ವೈರಸ್ಸೇ ಇರುವುದರಿಂದ, ಹಾಕುವವರ ಕಣ್ಣಿಗೆ ಸಿಡಿದರೂ ಹಾಗೆಯೇ ಆಗಬಹುದು. ಅದು ಅವರಲ್ಲೇ ನಿಲ್ಲುತ್ತದೆ, ಊರಿಗೆ ಹಬ್ಬುವುದಿಲ್ಲ. ಹಕ್ಕಿಜ್ವರ ಅಷ್ಟು ಸಲೀಸಲ್ಲ. ನೆದರ್ಲೆಂಡ್ಸಿನ ಕೋಳಿ ಫಾರಂಗಳಲ್ಲಿ 2003ರಲ್ಲಿ ಎಚ್7ಎನ್7 ಬಂದಾಗ ಸೋಂಕು ಖಚಿತವಾದ 89 ಜನರಲ್ಲಿ 78 ಮಂದಿಗೆ ಕಾಣಿಸಿಕೊಂಡದ್ದು ಕೆಂಗಣ್ಣು. ಒಬ್ಬ ಪಶುವೈದ್ಯರು ಶ್ವಾಸಕೋಶದ ಸೋಂಕಿನಿಂದ ಸತ್ತರು. 2024ರಲ್ಲಿ ಅಮೆರಿಕದ ಟೆಕ್ಸಾಸಿನ ಹೈನುಗಾರಿಕೆಯ ಕೆಲಸಗಾರರೊಬ್ಬರಿಗೆ ಹಸುಗಳಿಂದ ಎಚ್5ಎನ್1 ತಗುಲಿದಾಗ ಕಂಡ ಒಂದೇ ಲಕ್ಷಣ ಕೆಂಪು ಕಣ್ಣು. ಹಕ್ಕಿಯ ಫ್ಲೂ ವೈರಸ್ ಹಿಡಿದುಕೊಳ್ಳುವ ಬಗೆಯ ಸಕ್ಕರೆಯ ಕೊಂಡಿ ಮನುಷ್ಯನ ಕಣ್ಣಿನ ಮೇಲ್ಮೈಯಲ್ಲೂ ಇದೆ. ಮೂಗು-ಗಂಟಲಲ್ಲಿ ಸುಲಭವಾಗಿ ಸಿಗದ ಬಾಗಿಲು ಅದಕ್ಕೆ ಕಣ್ಣಿನಲ್ಲಿ ಸಿಗುತ್ತದೆ. 2022ರ ಫೆಬ್ರವರಿಯಲ್ಲಿ ಥಾಣೆ ಜಿಲ್ಲೆಯ ಶಹಾಪುರ ತಾಲ್ಲೂಕಿನ ವೇಹ್ಲೋಳಿ ಹಳ್ಳಿಯಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಕೋಳಿಗಳನ್ನು ಕೊಲ್ಲಬೇಕಾಯಿತು. ಇಂಥ ಕೆಲಸಕ್ಕೆ ಇಳಿಯುವವರು ತೊಡಬೇಕಾದ ಉಡುಪಿನಲ್ಲಿ ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕವೂ ಸೇರಿದೆ. ಕನ್ನಡಕಕ್ಕೆ ಸರಿಯಾದ ಕೆಲಸವಿರುವುದು ಅಲ್ಲಿ.

ಪ್ರಾಣಿಗಳ ಮಾತು ಮತ್ತೆ 1969ಕ್ಕೇ ಕರೆದೊಯ್ಯುತ್ತದೆ. ಎಂಟೆರೊವೈರಸ್ 70 ಅದಕ್ಕೆ ಮೊದಲು ಎಲ್ಲಿತ್ತು? ಆಮೇಲೆ ಬೇರೆ ಬೇರೆ ವರ್ಷಗಳ ವೈರಸ್ಸುಗಳ ತಳಿವ್ಯತ್ಯಾಸವನ್ನು ಅಳೆದ ಜಪಾನಿನ ಸಂಶೋಧಕರು ಅವೆಲ್ಲವುಗಳ ಮೂಲಪುರುಷ 1967ರ ಆಗಸ್ಟಿನ ಆಸುಪಾಸು, ಹೆಚ್ಚೆಂದರೆ ಹದಿನೈದು ತಿಂಗಳು ಹಿಂದೆಮುಂದೆ, ಹುಟ್ಟಿರಬೇಕೆಂದು ಲೆಕ್ಕ ಹಾಕಿದರು. ಅಂದರೆ ಅಕ್ರಾದಲ್ಲಿ ಕಾಣಿಸಿಕೊಳ್ಳುವ ಮೊದಲು ಮನುಷ್ಯರಲ್ಲಿ ಅದಕ್ಕೆ ದೀರ್ಘ ಇತಿಹಾಸವೇ ಇಲ್ಲ. ಕೋನೊ ತಂಡ ಘಾನಾ ಮತ್ತು ಸೆನೆಗಲ್ಲಿನ ಸಾಕುಪ್ರಾಣಿಗಳ ರಕ್ತವನ್ನು ಪರೀಕ್ಷಿಸಿ 1981ರಲ್ಲಿ ವರದಿ ಮಾಡಿತು: ಈ ವೈರಸ್ಸನ್ನು ತಟಸ್ಥಗೊಳಿಸುವ ಗುಣ ದನ, ಕುರಿ ಮೊದಲಾದವುಗಳ ರಕ್ತದಲ್ಲೂ ಸಿಕ್ಕಿತ್ತು. ಇತರ ಎಂಟೆರೊವೈರಸ್ಸುಗಳು ಬೆಳೆಯದ ಹಲವು ಪ್ರಾಣಿಗಳ ಜೀವಕೋಶದಲ್ಲೂ ಇದು ಬೆಳೆಯುತ್ತದೆ. ಇವೆರಡೂ ಸೇರಿ, ಯಾವುದೋ ಪ್ರಾಣಿಯಿಂದ ಅರವತ್ತರ ದಶಕದ ಕೊನೆಗೆ ಅದು ಮನುಷ್ಯನ ಕಣ್ಣಿಗೆ ಜಿಗಿದಿರಬಹುದೆಂಬ ಊಹೆಗೆ ಎಡೆಮಾಡಿಕೊಟ್ಟವು. ಆ ಪ್ರಾಣಿಯನ್ನು ಯಾರೂ ಬೆರಳಿಟ್ಟು ತೋರಿಸಿಲ್ಲ. ಊಹೆ ನಿಜವಾಗಿದ್ದರೆ, ಚಂದ್ರನಿಂದಲೂ ಅಲ್ಲ, ಬಾಂಗ್ಲಾದಿಂದಲೂ ಅಲ್ಲ, ಯಾರದೋ ಹಿತ್ತಲಿನ ಕೊಟ್ಟಿಗೆಯಿಂದ ಬಂದ ಕಾಯಿಲೆ ಅದು.

2023ರ ಅಲೆ ಆ ವೈರಸ್ಸಿನದಲ್ಲ. ಪುಣೆಯ ಬಳಿಯ ಆಳಂದಿಯಲ್ಲಿ ಜುಲೈನಲ್ಲಿ ಸಾವಿರಾರು ಜನರಿಗೆ ಒಮ್ಮೆಗೇ ಕಣ್ಣು ಬಂದು, ಬಳಿಕ ಮಹಾರಾಷ್ಟ್ರದ ಬಹುಪಾಲು ಜಿಲ್ಲೆಗಳಿಗೆ ಹಬ್ಬಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಯಲ್ಲಿ ಸಿಕ್ಕ ಮುಖ್ಯ ಅಪರಾಧಿ ಕಾಕ್ಸಾಕಿ ಎ24 ಎಂಬ ಇನ್ನೊಂದು ಎಂಟೆರೊವೈರಸ್ಸಿನ ರೂಪಾಂತರ. ಇದೂ ಹಳೆಯ ಗಿರಾಕಿಯೇ. 1970ರಲ್ಲಿ ಸಿಂಗಪುರದಲ್ಲಿ ಮೊದಲು ಕಾಣಿಸಿಕೊಂಡಿತ್ತು. ಅದರಿಂದಲೂ ಕಣ್ಣಿನಲ್ಲಿ ರಕ್ತ ಒಸರುತ್ತದೆ. ಆದರೆ ಕಾಲಿನ ತೊಂದರೆ ಎಂಟೆರೊವೈರಸ್ 70ರಷ್ಟು ಅದಕ್ಕೆ ಅಂಟಿಕೊಂಡಿಲ್ಲ. ಡೊಂಬಿವಲಿಯಲ್ಲಿ ಆಗಸ್ಟ್ ಕಳೆಯುವಷ್ಟರಲ್ಲಿ ಕನ್ನಡಕಗಳು ಮತ್ತೆ ಡ್ರಾಯರು ಸೇರಿದವು. ಎಂಟೆರೊವೈರಸ್ 70 ಕಳೆದ ಕೆಲವು ದಶಕಗಳಲ್ಲಿ ಜಗತ್ತಿನಲ್ಲೇ ವಿರಳವಾಗಿದೆ. ವಿರಳವಾಗಿದೆ, ಇಲ್ಲವಾಗಿದೆ ಎಂದು ಯಾರೂ ಘೋಷಿಸಿಲ್ಲ. 1971ರ ನಂತರ ಹತ್ತು ವರ್ಷ ಬಿಟ್ಟು ಅದು ಮರಳಿತ್ತು ಎಂಬುದು ಮುಂಬಯಿಗೇ ಗೊತ್ತು.

ಮರಳಿದರೆ ಗೊತ್ತಾಗುವುದು ಹೇಗೆ ಎಂಬುದು ಕೊಂಚ ಇಕ್ಕಟ್ಟಿನ ಪ್ರಶ್ನೆ. ಹಠಾತ್ತಾಗಿ ಕೈಕಾಲು ಬಿದ್ದುಹೋಗುವ ಪ್ರಕರಣಗಳನ್ನು ಹಳ್ಳಿಹಳ್ಳಿಯಿಂದ ಹುಡುಕಿ ವರದಿ ಮಾಡುವ ದೊಡ್ಡ ಜಾಲವನ್ನು ಭಾರತ 1997ರಿಂದ ಕಟ್ಟಿದೆ. ಪೋಲಿಯೊವನ್ನು ಅಟ್ಟಿದ್ದು ಆ ಜಾಲದ ಬಲದಿಂದ. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರವೂ ಬಂತು. ಆದರೆ ಜಾಲವನ್ನು ಹೆಣೆದದ್ದು ಪೋಲಿಯೊಗೆ. ಹಾಗಾಗಿ ಅದರ ಕಣ್ಣಿರುವುದು 15 ವರ್ಷದೊಳಗಿನ ಮಕ್ಕಳ ಮೇಲೆ. ಅದಕ್ಕೆ ಮೇಲ್ಪಟ್ಟವರ ಹೆಸರು ಪಟ್ಟಿಗೆ ಸೇರಬೇಕಾದರೆ ವೈದ್ಯರಿಗೆ ಪೋಲಿಯೊದ ಅನುಮಾನವೇ ಬಂದಿರಬೇಕು. 1971ರಲ್ಲಿ ಸೊಂಟ ಹಿಡಿದುಕೊಂಡು ಜೆ.ಜೆ. ಆಸ್ಪತ್ರೆಯ ಮೆಟ್ಟಿಲು ಹತ್ತಲಾರದೆ ನಿಂತವರು ವಯಸ್ಕರು. ಅವರಂಥವರು ಇವತ್ತು ಕಲ್ಯಾಣಿನ ಯಾವುದಾದರೂ ಕ್ಲಿನಿಕ್ಕಿಗೆ ಹೋದರೆ ಅವರನ್ನು ಹಿಡಿಯುವುದು ಯಾವ ಜಾಲವೂ ಅಲ್ಲ. ಕಾಲು ನೋಡುತ್ತಿರುವ ವೈದ್ಯರು ತಲೆಯೆತ್ತಿ, ಕಳೆದ ತಿಂಗಳು ನಿಮಗೆ ಕಣ್ಣು ಬಂದಿದ್ದವೇ ಎಂದು ಕೇಳಬೇಕು.